ಯುದ್ಧದ ಜೀಪೋ, ಹೊಲದ ಜೀಪೋ?

ಹಳೇ ವಿಲ್ಲಿಸ್ ಜೀಪ್ ಕೊಳ್ಳುವ ಆಸೆಯಾದರೆ ಮೊದಲ ಪ್ರಶ್ನೆ ಇದೇ: ಸೈನ್ಯದ ಎಂಬಿ ಬೇಕಾ, ರೈತನಿಗಾಗಿ ಬಂದ ಸಿಜೆ-2ಎ ಬೇಕಾ? ಎರಡರಲ್ಲೂ 2.2 ಲೀಟರಿನ 'ಗೋ ಡೆವಿಲ್' ಎಂಜಿನ್ನೇ. ಮುಖ ಬೇರೆ. ಎಂಬಿಯ ತಗಡಿನ ಗ್ರಿಲ್‌ಗೆ 9 ಸೀಳು. ಸಿಜೆಗೆ 7 ಸೀಳು, ದೊಡ್ಡ ದೀಪ.

1941ರಿಂದ 1945ರವರೆಗೆ ವಿಲ್ಲಿಸ್, ಫೋರ್ಡ್ ಎರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಯುದ್ಧದ ಜೀಪ್ ಮಾಡಿದವು. ಫೋರ್ಡ್ ತಾನು ಮಾಡಿದ ಅದೇ ಯುದ್ಧದ ಜೀಪಿನ, ಅಂದರೆ ಜಿಪಿಡಬ್ಲ್ಯೂನ, ಬೋಲ್ಟ್ ತಲೆಯ ಮೇಲೂ 'ಎಫ್' ಅಕ್ಷರ ಒತ್ತುತ್ತಿತ್ತು. ಆ ಅಕ್ಷರದ ಬೋಲ್ಟ್ ಹುಡುಕಿಕೊಂಡು ವರ್ಷಗಟ್ಟಲೆ ಅಲೆಯುವವರಿದ್ದಾರೆ. ಹುಚ್ಚು ಅನ್ನಿಸುತ್ತದೆ, ಅಲ್ವಾ? ಅಸಲಿತನದ ಬೆಲೆ ನಿಂತಿರುವುದೇ ಇಂಥದರ ಮೇಲೆ. ಸಿಜೆಗೆ ಹಸಿರು ಬಣ್ಣ ಬಳಿದು ಎಂಬಿ ಅಂತ ಮಾರುವುದೂ ಉಂಟು. ಇನ್ನು ಎಂಬಿಯೋ ಫೋರ್ಡೋ ಅಂತ ತಿಳಿಯಲು ಬಗ್ಗಿ ಚಾಸಿ ನೋಡಿ: ಮುಂದಿನ ಅಡ್ಡಪಟ್ಟಿ ಎಂಬಿಯಲ್ಲಿ ದುಂಡನೆಯ ಕೊಳವೆ, ಫೋರ್ಡಿನಲ್ಲಿ ತಲೆಕೆಳಗಾದ ದೋಣಿಯಂಥ ತಗಡು.

ಓಡಿಸುವುದಕ್ಕಾದರೆ ನನ್ನ ಮತ ಸಿಜೆಗೆ. ಗೇರ್‌ಬಾಕ್ಸ್ ಎಂಬಿಯದಕ್ಕಿಂತ ಗಟ್ಟಿ. ಹಿಂದೆ ತೆರೆಯುವ ಬಾಗಿಲಿದೆ. ಬೇಕೆಂದವರಿಗೆ ಜೀಪಿನ ಎಂಜಿನ್ ಬಲದಿಂದಲೇ ಹೊಲದ ಯಂತ್ರ ತಿರುಗಿಸುವ ಪಿಟಿಒ ಜೋಡಣೆ ಕೂಡ ಸಿಗುತ್ತಿತ್ತು. ಪೆಟ್ರೋಲನ್ನು ಹೊರಗಿನಿಂದಲೇ ತುಂಬಬಹುದು. ಎಂಬಿಯಲ್ಲಿ ಪ್ರತಿ ಸಲ ಚಾಲಕ ಇಳಿದು ಸೀಟು ಎತ್ತಬೇಕು!

ಆದರೆ ಗೇರಿಂಗ್ ಹೊಲಕ್ಕೆ ಹೊಂದಿಸಿದ್ದು. ಹೆದ್ದಾರಿಯಲ್ಲಿ ಸಿಜೆ ಸುಮ್ನೆ ಕೂಗಾಡುತ್ತದೆ. ತುಕ್ಕು ಎರಡಕ್ಕೂ ಬಿಟ್ಟಿದ್ದಲ್ಲ. ಸೀಟಿನ ಕೆಳಗಿನ ಟ್ಯಾಂಕ್ ಕೂರುವ ಗುಂಡಿಯನ್ನು ಮೊದಲು ಬೆರಳಿಂದ ಒತ್ತಿ ನೋಡಿ.