ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್: ಒಂದು ಉಚಿತ ನಡಿಗೆ

ಚಂಡೀಗಢದ 1ನೇ ಸೆಕ್ಟರ್‌ನಲ್ಲಿರುವ ಕ್ಯಾಪಿಟಲ್ ಕಾಂಪ್ಲೆಕ್ಸನ್ನು ನಮ್ಮಷ್ಟಕ್ಕೆ ನಾವೇ ಸುತ್ತಿ ನೋಡುವಂತಿಲ್ಲ. ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಗುರುತಿನ ಚೀಟಿ ತೋರಿಸಿ ಹೆಸರು ಬರೆಸಿದರೆ ಮಾರ್ಗದರ್ಶಕರೊಬ್ಬರು ಗುಂಪಿನೊಂದಿಗೆ ಕರೆದೊಯ್ಯುತ್ತಾರೆ, ಶುಲ್ಕವಿಲ್ಲ. ಪಂಜಾಬ್ ಮತ್ತು ಹರಿಯಾಣದ ಹೈಕೋರ್ಟು, ವಿಧಾನಸಭೆ, ಸಚಿವಾಲಯ ಮೂರೂ ಇಂದಿಗೂ ಬಳಕೆಯಲ್ಲಿರುವುದರಿಂದ, ಅದರಲ್ಲೂ 1995ರಲ್ಲಿ ಪಂಜಾಬಿನ ಮುಖ್ಯಮಂತ್ರಿ ಬಿಯಂತ್ ಸಿಂಗ್ ಅವರ ಹತ್ಯೆ ಸಚಿವಾಲಯದ ಬಳಿಯೇ ನಡೆದಿದ್ದರಿಂದ, ಇಲ್ಲಿ ಕಾವಲು ಬಿಗಿಯಾಗಿದೆ.

ದೇಶವಿಭಜನೆಯಲ್ಲಿ ರಾಜಧಾನಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗಾಗಿ ಫ್ರೆಂಚ್ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ರೂಪಿಸಿದ ಈ ಕಟ್ಟಡಗಳನ್ನು ಚಿತ್ರಗಳಲ್ಲಿ ನೋಡಿ ಒರಟು ಎಂದುಕೊಂಡವರು ಒಮ್ಮೆ ಗೋಡೆಯ ಹತ್ತಿರ ಹೋಗಿ ನಿಲ್ಲಬೇಕು. ಸೆಂಟ್ರಿಂಗ್ ಹಲಗೆಗಳ ಅಚ್ಚು ಕಾಂಕ್ರೀಟಿನ ಮೇಲೆ ಹಾಗೆಯೇ ಉಳಿದಿದೆ: ಒಂದೊಂದು ಹಲಗೆಯ ಅಗಲ, ಮರದ ಎಳೆ, ಗಂಟು, ಎರಡು ಹಲಗೆಗಳ ಸಂದಿನಲ್ಲಿ ಒಸರಿ ಗಟ್ಟಿಯಾದ ಸಿಮೆಂಟ್ ಹಾಲಿನ ಗೆರೆ. ತಲೆಯ ಮೇಲೆ ಬಾಂಡ್ಲಿ ಹೊತ್ತು ಇಳಿಜಾರು ಹತ್ತಿದ ಹೆಂಗಸರ ಕೆಲಸವನ್ನು ಪ್ಲಾಸ್ಟರ್ ಬಳಿದು ಮುಚ್ಚಿಲ್ಲ ಎಂಬುದೇ ನನಗೆ ಈ ವಾಸ್ತುಶಿಲ್ಪದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಸಂಗತಿ. ಬೆಂಗಳೂರಿನ ಐಐಎಂ ವಿನ್ಯಾಸಗೊಳಿಸಿದ ಬಿ.ವಿ. ದೋಶಿಯವರು 1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ನ ಕಾರ್ಬೂಸಿಯೇ ಕಚೇರಿಯಲ್ಲಿಯೇ ದುಡಿದವರು; ಬನ್ನೇರುಘಟ್ಟ ರಸ್ತೆಯ ಆ ಆವರಣದಲ್ಲಿ ಮುಚ್ಚದೆ ಬಿಟ್ಟ ಕಲ್ಲು, ನೆರಳು ಬೀಳುವ ಓಣಿಗಳನ್ನು ಕಂಡವರಿಗೆ ಇಲ್ಲಿನ ಗೋಡೆಗಳು ಅಪರಿಚಿತ ಎನಿಸಲಾರವು.

ನಮ್ಮ ಮಾರ್ಗದರ್ಶಕಿ ಬಹಳ ಚೆನ್ನಾಗಿ ವಿವರಿಸಿದ್ದು ಕುರ್ಚಿಗಳ ಕಥೆಯನ್ನು. ಕಾರ್ಬೂಸಿಯೇಯ ಸೋದರಸಂಬಂಧಿ, ಸಹವಾಸ್ತುಶಿಲ್ಪಿ ಪಿಯರ್ ಜಾನ್ನರೆ ಈ ಕಚೇರಿಗಳಿಗಾಗಿ ಮಾಡಿಸಿದ ತೇಗದ ಕುರ್ಚಿಗಳು, ಬೆತ್ತದ ಹೆಣಿಗೆ ಹರಿದು, ಮಹಡಿಗಳ ಮೇಲೆ ರಾಶಿ ಬಿದ್ದು ಹಳೇ ಸಾಮಾನಿನ ಬೆಲೆಗೆ ಹರಾಜಾದವು. ಕೊಂಡ ವರ್ತಕರು ದುರಸ್ತಿ ಮಾಡಿಸಿ ವಿದೇಶಗಳ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಇವುಗಳ ಮಾರಾಟ, ರಫ್ತಿಗೆ ತಡೆಯೊಡ್ಡುವ ಕೇಂದ್ರ ಗೃಹ ಸಚಿವಾಲಯದ ಆದೇಶ ಬಂದದ್ದು 2011ರಲ್ಲಿ. ಕಟ್ಟಡಗಳು ಯುನೆಸ್ಕೊ ಪಟ್ಟಿ ಸೇರಿದ್ದು 2016ರಲ್ಲಿ. ಹೊರಗಿನವರು ಬೆಲೆ ಕಟ್ಟುವವರೆಗೂ ನಮಗೆ ಕಾಣದೇ ಹೋಯಿತಲ್ಲ ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ. ಯುನೆಸ್ಕೊ ಮನ್ನಣೆಯ ಮರುವರ್ಷವೇ, ಅಂದರೆ 2017ರ ಏಪ್ರಿಲ್‌ನಲ್ಲಿ, ದೆಹಲಿಯ ಪ್ರಗತಿ ಮೈದಾನದಲ್ಲಿದ್ದ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಅವರ 1972ರ ಕಾಂಕ್ರೀಟ್ ಪ್ರದರ್ಶನ ಭವನ ಹಾಲ್ ಆಫ್ ನೇಷನ್ಸ್ ನೆಲಸಮವಾಯಿತು. ದೆಹಲಿಯ ಪರಂಪರೆಯ ಪಟ್ಟಿಗೆ ಸೇರಲು ಅದಕ್ಕೆ 60 ವರ್ಷ ತುಂಬಿರಲಿಲ್ಲವಂತೆ!

ನಡಿಗೆಯಲ್ಲಿ ಕೊರತೆಯೂ ಇದೆ. ಪ್ಲಾಸ್ಟರಿಲ್ಲದ ಕಾಂಕ್ರೀಟಿನೊಳಗೆ ನೀರಿಳಿದು ಕಬ್ಬಿಣ ತುಕ್ಕು ಹಿಡಿದಾಗ, ಹಲಗೆಯ ಅಚ್ಚು ಕೆಡದಂತೆ ಅದನ್ನು ರಿಪೇರಿ ಮಾಡುವುದು ಎಷ್ಟು ಕಷ್ಟ ಎಂಬುದರ ಬಗ್ಗೆ ಯಾರೂ ಮಾತನಾಡಲಿಲ್ಲ. ಉಳಿಸಿಕೊಳ್ಳುವ ಮಾತು ಬಂದಾಗ ನಾಗರಿಕರು ಮೊದಲು ತಿಳಿಯಬೇಕಾದದ್ದು ಅದನ್ನೇ.

ಬೇಸಿಗೆಯಲ್ಲಾದರೆ ಬೆಳಗಿನ ನಡಿಗೆಗೇ ಹೋಗಿ, ಏಕೆಂದರೆ ಕಟ್ಟಡಗಳ ನಡುವಿನ ವಿಶಾಲ ಬಯಲಿನಲ್ಲಿ ನೆರಳೇ ಇಲ್ಲ. 26 ಮೀಟರ್ ಎತ್ತರದಲ್ಲಿ ಗಾಳಿಗೆ ತಿರುಗುವ ‘ತೆರೆದ ಹಸ್ತ’ ಎಂಬ ಲೋಹದ ಸ್ಮಾರಕವನ್ನು ನೋಡಿದ ಮೇಲೆ, 5ನೇ ಸೆಕ್ಟರ್‌ನ ಜಾನ್ನರೆ ಮನೆಗೂ ಹೋಗಿಬನ್ನಿ. ಅದೀಗ ವಸ್ತುಸಂಗ್ರಹಾಲಯವಾಗಿದೆ.