ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್, ಓಲಾಂಜಪಿನ್, ಅರಿಪಿಪ್ರಜೋಲ್: ಮುಟ್ಟು, ಹಾಲು, ತೂಕದ ಲೆಕ್ಕದಲ್ಲಿ ಒಂದು ಹೋಲಿಕೆ

ಮಾನಸಿಕ ಕಾಯಿಲೆಗೆ ಮಾತ್ರೆ ಶುರುವಾದ ಮೇಲೆ ಮುಟ್ಟು ನಿಂತರೆ ನಮ್ಮ ಕಡೆ ಮೊದಲು ಬರುವ ಮಾತು, "ಉಷ್ಣ ಆಗಿರಬೇಕು". ಮದುವೆಯಾಗದ ಹುಡುಗಿಗೆ ಎದೆಯಲ್ಲಿ ಹಾಲು ಒಸರಿದರೆ ಅಷ್ಟೂ ಮಾತಿಲ್ಲ, ಅಮ್ಮನಿಗೂ ಹೇಳದೆ ಮುಚ್ಚಿಡುತ್ತಾಳೆ. ಗಂಡಸಿಗೆ ಎದೆ ಊದಿಕೊಂಡರೆ, ಹೆಂಡತಿಯ ಹತ್ತಿರ ಹೋಗುವ ಆಸೆಯೇ ಬತ್ತಿದರೆ ಅವನು ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾನೆ, ಬಿಟ್ಟ ಕೆಲ ಕಾಲಕ್ಕೆ ಕಾಯಿಲೆ ಮರುಕಳಿಸುತ್ತದೆ. ಇವೆಲ್ಲದರ ಹಿಂದೆ ಬಹುಪಾಲು ಇರುವುದು ಒಂದೇ ಹಾರ್ಮೋನು, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್. ಅದನ್ನು ಏರಿಸುವ ಮಾತ್ರೆ ಯಾವುದು, ಏರಿಸದ ಮಾತ್ರೆ ಬೇರೆ ಯಾವ ತೊಂದರೆ ತರುತ್ತದೆ ಎಂಬುದನ್ನು ತುಮಕೂರು, ಕೋಲಾರ ಕಡೆಯ ನಾವು ಕೆಲವರು, ಈ ಮಾತ್ರೆಗಳನ್ನು ನುಂಗಿದವರು, ಮನೆಯವರಿಗೆ ನುಂಗಿಸಿದವರು, ಸೇರಿ ಬರೆದಿದ್ದೇವೆ.

ಭ್ರಮೆ, ಅನುಮಾನ, ಕಿವಿಯಲ್ಲಿ ದನಿ ಕೇಳುವುದು, ಇವನ್ನು ತಗ್ಗಿಸುವುದರಲ್ಲಿ ಈ ನಾಲ್ಕರ ನಡುವೆ ಹೇಳಿಕೊಳ್ಳುವಂಥ ದೊಡ್ಡ ಅಂತರವಿಲ್ಲ. ಅಡ್ಡಪರಿಣಾಮದಲ್ಲಿ ಮಾತ್ರ ಅಜಗಜಾಂತರ. ಹಾಗಾಗಿ ಯಾವ ಮಾತ್ರೆ ಎನ್ನುವುದನ್ನು ರೋಗಿಯ ದೇಹ, ವಯಸ್ಸು, ಮದುವೆ ಮಕ್ಕಳ ಯೋಚನೆ ನೋಡಿ ತೀರ್ಮಾನಿಸಬೇಕು. ಡಾಕ್ಟರಿಗೆ ಆ ವಿವರ ಸಿಗುವುದು ನಾವು ಬಾಯಿಬಿಟ್ಟರೆ ಮಾತ್ರ.

ಏರುವುದು ಯಾಕೆ

ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇದೆ. ಪ್ರೊಲ್ಯಾಕ್ಟಿನ್ ಅಲ್ಲಿಂದ ಬರುತ್ತದೆ. ಡೋಪಮಿನ್ ಎಂಬ ರಾಸಾಯನಿಕ ಅದನ್ನು ಸದಾ ತಡೆದು ಹಿಡಿದಿರುತ್ತದೆ. ಭ್ರಮೆ ತಗ್ಗಿಸಲು ಕೊಡುವ ಮಾತ್ರೆಗಳು ಡೋಪಮಿನ್ ಕೂರುವ ಜಾಗವನ್ನೇ ಮುಚ್ಚುತ್ತವೆ, ಆಗ ಆ ತಡೆ ಸಡಿಲಾಗಿ ಪ್ರೊಲ್ಯಾಕ್ಟಿನ್ ಏರುತ್ತದೆ. ಅದು ಏರಿದರೆ ಅಂಡಾಶಯಕ್ಕೂ ವೃಷಣಕ್ಕೂ ಹೋಗುವ ಸೂಚನೆ ಕುಗ್ಗುತ್ತದೆ. ಹೆಂಗಸರಲ್ಲಿ ಈಸ್ಟ್ರೋಜನ್, ಗಂಡಸರಲ್ಲಿ ಟೆಸ್ಟೋಸ್ಟಿರಾನ್ ಇಳಿಯುತ್ತವೆ. ಮುಟ್ಟು ನಿಲ್ಲುವುದು ಕಣ್ಣಿಗೆ ಕಾಣುವ ತೊಂದರೆ. ಇದೇ ಸ್ಥಿತಿ ವರ್ಷಗಟ್ಟಲೆ ಮುಂದುವರಿದರೆ ಮೂಳೆ ಸವೆಯುತ್ತದೆ, ಅದು ಕಾಣುವುದೇ ಇಲ್ಲ. ಇಪ್ಪತ್ತರ ಹರೆಯದಲ್ಲಿ ಮುಟ್ಟು ನಿಂತಿದ್ದನ್ನು "ಒಳ್ಳೆಯದೇ ಆಯಿತು, ತಾಪತ್ರಯ ತಪ್ಪಿತು" ಎಂದು ಬಿಡಬಾರದು ಅನ್ನುವುದು ಇದಕ್ಕೇ.

ಪಿಟ್ಯುಟರಿ ಇರುವುದು ಮೆದುಳನ್ನು ರಕ್ತದಿಂದ ಬೇರ್ಪಡಿಸುವ ತಡೆಗೋಡೆಯ ಹೊರಗೆ. ಮೆದುಳಿನೊಳಕ್ಕೆ ಕಷ್ಟಪಟ್ಟು ಹೋಗುವ ಔಷಧಿ ರಕ್ತದಲ್ಲೇ ಹೆಚ್ಚು ಉಳಿದು ಈ ಗ್ರಂಥಿಯನ್ನು ಜೋರಾಗಿ ತಟ್ಟುತ್ತದೆ. ಹೋಲಿಕೆಯ ಅರ್ಧ ಉತ್ತರ ಇಲ್ಲೇ ಇದೆ.

ನಾಲ್ಕರ ನಡುವೆ

ಪ್ರೊಲ್ಯಾಕ್ಟಿನ್ ಏರಿಸುವುದರಲ್ಲಿ ಅಮಿಸಲ್‌ಪ್ರೈಡ್ ಎಲ್ಲಕ್ಕಿಂತ ಮುಂದು. ಮೆದುಳಿನೊಳಕ್ಕೆ ಸುಲಭವಾಗಿ ಹೋಗದ ಔಷಧಿ ಇದು. ಭ್ರಮೆಗೆ 400ರಿಂದ 800 ಮಿ.ಗ್ರಾಂ. ಕೊಡುತ್ತಾರೆ, ಆದರೆ ಮಂಕುತನಕ್ಕೆಂದು ಬರೆಯುವ 50 ಮಿ.ಗ್ರಾಂ.ನಲ್ಲೂ ಪ್ರೊಲ್ಯಾಕ್ಟಿನ್ ಏರುತ್ತದೆ. "ಡೋಸ್ ಕಡಿಮೆ ಇದೆಯಲ್ಲ" ಎಂಬ ಧೈರ್ಯ ಇದರಲ್ಲಿ ನಡೆಯದು. ತೂಕ, ಶುಗರ್ ಲೆಕ್ಕದಲ್ಲಿ ಮಾತ್ರ ಓಲಾಂಜಪಿನ್‌ಗಿಂತ ಎಷ್ಟೋ ವಾಸಿ.

ರಿಸ್ಪೆರಿಡೋನ್ ಅದರ ಬೆನ್ನಿಗೇ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಮಾತ್ರೆ, ಅಗ್ಗ, ಕೆಲಸ ಚೆನ್ನಾಗಿ ಮಾಡುತ್ತದೆ. ಲಿವರ್‌ನಲ್ಲಿ ಇದು ಪ್ಯಾಲಿಪೆರಿಡೋನ್ ಆಗಿ ಬದಲಾಗುತ್ತದೆ, ಗ್ರಂಥಿಯನ್ನು ಹೆಚ್ಚು ಕಾಡುವುದು ಆ ರೂಪ. ಆದ್ದರಿಂದ ರಿಸ್ಪೆರಿಡೋನ್‌ನಿಂದ ಹಾಲು ಬಂತೆಂದು ಪ್ಯಾಲಿಪೆರಿಡೋನ್‌ಗೆ ಬದಲಾಯಿಸಿದರೆ ಪ್ರಯೋಜನವಿಲ್ಲ, ಎರಡೂ ಒಂದೇ. ಇದರಲ್ಲಿ ಡೋಸಿಗೂ ಏರಿಕೆಗೂ ನಂಟಿದೆ. 6 ಮಿ.ಗ್ರಾಂ.ನಿಂದ 3ಕ್ಕೆ ಇಳಿಸಿದಾಗ ಕೆಲವರಿಗೆ ಮುಟ್ಟು ಮರಳುತ್ತದೆ, ಎಲ್ಲರಿಗೂ ಅಲ್ಲ.

ಓಲಾಂಜಪಿನ್ ಪ್ರೊಲ್ಯಾಕ್ಟಿನ್ ಅನ್ನು ಮೊದಲ ವಾರಗಳಲ್ಲಿ ಸ್ವಲ್ಪ ಏರಿಸಿ ಮತ್ತೆ ಇಳಿಯಲು ಬಿಡುತ್ತದೆ. ನಿದ್ದೆ ಬರುತ್ತದೆ, ಕೋಪ ತಣಿಯುತ್ತದೆ, ಮನೆಯವರಿಗೆ ಬೇಗ ಸಮಾಧಾನ ಸಿಗುತ್ತದೆ. ತೊಂದರೆ ಶುರುವಾಗುವುದು ಹೊಟ್ಟೆಯಿಂದ. ಒಂದು ಮುದ್ದೆ ತಿನ್ನುತ್ತಿದ್ದವರು ಎರಡು ತಿಂದು ಮೇಲೆ ಅನ್ನ ಕೇಳುತ್ತಾರೆ, ರಾತ್ರಿ ಎದ್ದು ಬಿಸ್ಕೆಟ್ ಹುಡುಕುತ್ತಾರೆ. ಅದು ಅವರ ಚಪಲ ಅಲ್ಲ, ಔಷಧಿ ಹಸಿವಿನ ಕೇಂದ್ರವನ್ನೇ ಕೆಣಕುತ್ತದೆ. ದಯವಿಟ್ಟು ಅವರನ್ನು "ತಿಂಡಿಪೋತ" ಎನ್ನಬೇಡಿ. ಇನ್ಸುಲಿನ್‌ನ ಕೆಲಸಕ್ಕೂ ಅಡ್ಡಿಯಾಗುವುದರಿಂದ ತೂಕ ಅಷ್ಟಾಗಿ ಏರದವರಲ್ಲೂ ಶುಗರ್ ಬರಬಹುದು. ಶುರು ಮಾಡುವ ದಿನವೇ ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್ ಬರೆದಿಡಿ. ಮೂರು ತಿಂಗಳಿಗೆ ಮತ್ತೆ, ಆಮೇಲೆ ವರ್ಷಕ್ಕೊಮ್ಮೆ. ತೂಕವನ್ನಂತೂ ಮೊದಲ ಎರಡು ಮೂರು ತಿಂಗಳು ವಾರ ವಾರ ನೋಡಬೇಕು. ಶುರುವಿನ ತೂಕದ ಶೇ. 7 ದಾಟಿದರೆ, ಅಂದರೆ 60 ಕೆ.ಜಿ. ಇದ್ದವರು 64 ದಾಟಿದರೆ, ಮುಂದಿನ ತಾರೀಖಿಗೆ ಕಾಯದೆ ಡಾಕ್ಟರ ಬಳಿ ಹೋಗಿ. ಸುತ್ತಳತೆ ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಶುಗರ್ ಬರುವ ಮೊದಲೇ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಜೊತೆಗೆ ಶುರು ಮಾಡಿದರೆ ತೂಕದ ಏರಿಕೆ ತಗ್ಗುತ್ತದೆ, ತೂಕ ಏರಿ ನಿಂತ ಮೇಲೆ ಇಳಿಸುವುದು ಕಷ್ಟ. ಇನ್ನೊಂದು ವಿಷಯ: ಬೀಡಿ, ಸಿಗರೇಟಿನ ಹೊಗೆ ಓಲಾಂಜಪಿನ್ ಅನ್ನು ದೇಹದಿಂದ ಬೇಗ ಹೊರಹಾಕುತ್ತದೆ. ದಿನಕ್ಕೊಂದು ಕಟ್ಟು ಬೀಡಿ ಸೇದುವವರು ಥಟ್ಟನೆ ಬಿಟ್ಟರೆ ಅದೇ ಡೋಸ್ ರಕ್ತದಲ್ಲಿ ಹೆಚ್ಚಾಗಿ ಮಂಪರು ಹತ್ತುತ್ತದೆ. ಬೀಡಿ ಬಿಡಲೇಬೇಕು, ಡಾಕ್ಟರಿಗೆ ಹೇಳಿ ಬಿಡಬೇಕು.

ಅರಿಪಿಪ್ರಜೋಲ್ ಈ ಗುಂಪಿನಲ್ಲಿ ಬೇರೆಯೇ ಜಾತಿ. ಡೋಪಮಿನ್‌ನ ಜಾಗವನ್ನು ಮುಚ್ಚುವುದರ ಜೊತೆಗೆ ತಾನೇ ಸ್ವಲ್ಪ ಡೋಪಮಿನ್‌ನಂತೆ ನಡೆದುಕೊಳ್ಳುತ್ತದೆ. ಹಾಗಾಗಿ ಪ್ರೊಲ್ಯಾಕ್ಟಿನ್ ಏರುವುದಿಲ್ಲ, ಇಳಿಯುವುದೂ ಉಂಟು. ತೂಕವೂ ಹೆಚ್ಚಿನವರಿಗೆ ಅಷ್ಟಾಗಿ ಏರದು. ಇದರ ದೊಡ್ಡ ಕಷ್ಟ ಕಾಲು ನಿಲ್ಲದ ಚಡಪಡಿಕೆ: ಕೂತರೆ ಏಳಬೇಕು, ನಿಂತರೆ ನಡೆಯಬೇಕು, ರಾತ್ರಿಯೆಲ್ಲ ಹಜಾರದಲ್ಲಿ ಓಡಾಟ. ಮನೆಯವರು ಇದನ್ನು ಕಾಯಿಲೆ ಕೆದರಿತು ಎಂದು ತಿಳಿದು ಡೋಸ್ ಏರಿಸಲು ಕೇಳುತ್ತಾರೆ, ಆಗ ಚಡಪಡಿಕೆ ಇನ್ನೂ ಹೆಚ್ಚಾಗುತ್ತದೆ. "ತಲೆಯೊಳಗಿನ ಗಲಾಟೆಯೋ, ಕಾಲಿನ ಚಡಪಡಿಕೆಯೋ?" ಎಂದು ರೋಗಿಯನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ. ನಿದ್ದೆ ಕೆಡಿಸುವುದರಿಂದ ಬೆಳಗಿನ ತಿಂಡಿಯ ಹೊತ್ತಿಗೆ ನುಂಗುವುದು ಸರಿ. ದೇಹದಿಂದ ಅರ್ಧ ಇಳಿಯಲು ಮೂರು ದಿನ ಬೇಕಾದ್ದರಿಂದ ಇವತ್ತು ಏರಿಸಿದ ಡೋಸಿನ ಪೂರ್ತಿ ಫಲ ಕಾಣಲು ಎರಡು ವಾರ ಹಿಡಿಯುತ್ತದೆ, ಅವಸರ ಪಡಬಾರದು. ಜೊತೆಗೆ ಖಿನ್ನತೆಯ ಮಾತ್ರೆ ಫ್ಲೂಕ್ಸೆಟಿನ್ ಅಥವಾ ಪ್ಯಾರಾಕ್ಸೆಟಿನ್ ಇದ್ದರೆ ಇದರ ಡೋಸ್ ಅರ್ಧ ಸಾಕು, ಫಿಟ್ಸ್ ಮಾತ್ರೆ ಕಾರ್ಬಮಾಜೆಪಿನ್ ಇದ್ದರೆ ಮಾಮೂಲು ಡೋಸ್ ಸಾಲದು. ಅಪರೂಪಕ್ಕೆ ಜೂಜು, ವಿಪರೀತ ಖರೀದಿಯ ಹಪಾಹಪಿ ಹುಟ್ಟುವುದುಂಟು. ಅಮೆರಿಕದ ಔಷಧ ನಿಯಂತ್ರಕರು 2016ರಲ್ಲೇ ಇದನ್ನು ಎಚ್ಚರಿಸಿದ್ದಾರೆ. ಮೊಬೈಲ್‌ನಲ್ಲಿ ದುಡ್ಡಿನ ಆಟ ಆಡುವ ಹುಡುಗರ ಮನೆಯಲ್ಲಿ ಇದು ನೆನಪಿರಲಿ.

ಕ್ವಿಟಿಯಾಪಿನ್, ಕ್ಲೋಜಪಿನ್ ಕೂಡ ಪ್ರೊಲ್ಯಾಕ್ಟಿನ್ ತಂಟೆಗೆ ಹೋಗುವುದಿಲ್ಲ. ಆದರೆ ಎರಡರಲ್ಲೂ ಮಂಪರು, ತೂಕ ಇದ್ದೇ ಇವೆ. ಹಳೆಯ ಹ್ಯಾಲೋಪೆರಿಡಾಲ್ ಏರಿಸುತ್ತದೆ. ಅದನ್ನು ತಿಂಗಳ ಇಂಜೆಕ್ಷನ್ ಆಗಿ ತೆಗೆದುಕೊಳ್ಳುತ್ತಿದ್ದವರಿಗೆ ನಿಲ್ಲಿಸಿದ ಮೇಲೂ ಪ್ರೊಲ್ಯಾಕ್ಟಿನ್ ಇಳಿಯಲು ತಿಂಗಳುಗಳೇ ಬೇಕು.

ಗ್ಯಾಸ್ ಮಾತ್ರೆಯಲ್ಲಿ ಅಡಗಿರುವುದು

ಮಾನಸಿಕ ಮಾತ್ರೆಯನ್ನು ದೂರುವ ಮೊದಲು ಗ್ಯಾಸ್‌ಗೆ ನುಂಗುವ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಪ್ಯಾಂಟೊಪ್ರಜೋಲ್ ಅಥವಾ ರ‍್ಯಾಬೆಪ್ರಜೋಲ್ ಜೊತೆಗೆ ಲೆವೊಸಲ್‌ಪಿರೈಡ್ 75 ಮಿ.ಗ್ರಾಂ. ಎಂದಿದ್ದರೆ, ಅದು ಅಮಿಸಲ್‌ಪ್ರೈಡ್‌ನ ಹತ್ತಿರದ ನೆಂಟ. ಪ್ರೊಲ್ಯಾಕ್ಟಿನ್ ಏರಿಸುವುದರಲ್ಲಿ ಅದಕ್ಕೇನೂ ಕಡಿಮೆಯಿಲ್ಲ, ಕೈನಡುಕವನ್ನೂ ತರುತ್ತದೆ. ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್ ಸಹ ಹೀಗೇ. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ರಿಸ್ಪೆರಿಡೋನ್ ಜೊತೆ ಇದೂ ಸೇರಿದರೆ ಏರಿಕೆ ಇಮ್ಮಡಿಸಿದರೂ ಆಶ್ಚರ್ಯವಿಲ್ಲ. ಎಷ್ಟೋ ಸಲ ಮಾಡಬೇಕಾದ್ದು ಇಷ್ಟೇ: ಡಾಕ್ಟರನ್ನು ಕೇಳಿ ಗ್ಯಾಸ್ ಮಾತ್ರೆಯನ್ನು ಬರೀ ಪ್ಯಾಂಟೊಪ್ರಜೋಲ್‌ಗೆ ಬದಲಿಸಿಕೊಳ್ಳುವುದು.

ರಕ್ತ ಕೊಡುವ ರೀತಿ

ಮುಟ್ಟು ನಿಂತಿದ್ದರೆ ಮೊದಲು ಗರ್ಭ ಪರೀಕ್ಷೆ, ಮದುವೆಯಾಗಲಿ ಆಗದಿರಲಿ. ನಂತರ ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ). ಥೈರಾಯ್ಡ್ ಕುಗ್ಗಿದರೂ ಕಿಡ್ನಿ ಸೋತರೂ ಪ್ರೊಲ್ಯಾಕ್ಟಿನ್ ಏರುವುದರಿಂದ ಮೂರೂ ಒಟ್ಟಿಗೆ ಬೇಕು.

ನಿದ್ದೆಯಲ್ಲಿ ಪ್ರೊಲ್ಯಾಕ್ಟಿನ್ ತಾನಾಗಿ ಏರಿರುತ್ತದೆ. ಎದ್ದು ಎರಡು ಗಂಟೆಯಾದ ಮೇಲೆ, ಖಾಲಿ ಹೊಟ್ಟೆಯಲ್ಲಿ, ಬೆಳಗಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು. ಆತಂಕ, ದಣಿವಿಗೂ ಏರುತ್ತದೆ. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ಬಸ್ಸಿನಲ್ಲಿ ನಿಂತು ಬಂದು, ಲ್ಯಾಬ್ ಮೆಟ್ಟಿಲು ಹತ್ತಿದೊಡನೆ ಸೂಜಿಗೆ ಕೈ ಚಾಚಬೇಡಿ, ಅರ್ಧ ಗಂಟೆ ಸುಮ್ಮನೆ ಕೂತಿರಿ. ಹಾಲು ಬರುತ್ತದೆಯೋ ಎಂದು ಹಿಂದಿನ ದಿನ ಎದೆ ಹಿಂಡಿ ನೋಡಬೇಡಿ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ. ಅದು ಕೆಲವು ಯಂತ್ರಗಳಲ್ಲಿ ಪ್ರೊಲ್ಯಾಕ್ಟಿನ್, ಟಿಎಸ್‌ಎಚ್ ಎರಡನ್ನೂ ಸುಳ್ಳಾಗಿ ಕಡಿಮೆ ತೋರಿಸುತ್ತದೆ.

ಪ್ರೊಲ್ಯಾಕ್ಟಿನ್ ಒಂದು ಮಿ.ಲೀ.ಗೆ ಹೆಂಗಸರಿಗೆ ಸುಮಾರು 25, ಗಂಡಸರಿಗೆ 15ರಿಂದ 20 ನ್ಯಾನೋಗ್ರಾಂ ತನಕ ಮಾಮೂಲು. ಲ್ಯಾಬಿನ ವರದಿ ಎಂಐಯು (mIU/L) ಎಂಬ ಬೇರೆ ಅಳತೆಯಲ್ಲಿದ್ದರೆ 21ರಿಂದ ಭಾಗಿಸಿ. ತುಸು ಏರಿ, ಮುಟ್ಟು ಸರಿಯಿದ್ದು, ಬೇರೆ ತೊಂದರೆ ಇಲ್ಲದಿದ್ದರೆ ಮಾತ್ರೆ ಬದಲಾಯಿಸುವ ಅಗತ್ಯ ಹೆಚ್ಚಾಗಿ ಬೀಳದು. 150 ದಾಟಿದರೆ, ಬಿಡದ ತಲೆನೋವಿದ್ದರೆ, ಪಕ್ಕದಿಂದ ಬರುವ ಗಾಡಿ ಕಾಣದಷ್ಟು ನೋಟ ಕುಗ್ಗಿದ್ದರೆ ಎಂಆರ್‌ಐ ಮಾಡಿಸಿ ಪಿಟ್ಯುಟರಿಯಲ್ಲಿ ಗೆಡ್ಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ರಿಸ್ಪೆರಿಡೋನ್ ಒಂದೇ 200 ದಾಟಿಸಬಲ್ಲದು, ಅಂಕಿ ನೋಡಿಯೇ ಹೆದರಬೇಡಿ. ಮಾತ್ರೆ ಶುರುವಾಗುವ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಿಟ್ಟಿದ್ದರೆ ಈ ಗೊಂದಲದ ಮುಕ್ಕಾಲು ಪಾಲು ಇರುವುದೇ ಇಲ್ಲ.

ಏರಿದ ಮೇಲೆ ಇರುವ ದಾರಿಗಳು

ಡೋಸ್ ಇಳಿಸುವುದು, ಬೇರೆ ಮಾತ್ರೆಗೆ ಹೋಗುವುದು, ಇರುವುದರ ಜೊತೆ ಅರಿಪಿಪ್ರಜೋಲ್ ಸೇರಿಸುವುದು, ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೊಲಿನ್ ಮಾತ್ರೆ ಕೊಡುವುದು, ಹೀಗೆ ನಾಲ್ಕು. ಯಾವುದನ್ನೂ ಮನೆಯಲ್ಲೇ ಮಾಡುವಂತಿಲ್ಲ.

ಕಾಯಿಲೆ ರಿಸ್ಪೆರಿಡೋನ್‌ನಲ್ಲಿ ಚೆನ್ನಾಗಿ ಹಿಡಿತಕ್ಕೆ ಬಂದಿದ್ದರೆ ನಮ್ಮ ಒಲವು ಮೂರನೆಯದಕ್ಕೆ. ದಿನಕ್ಕೆ 5 ಮಿ.ಗ್ರಾಂ. ಅರಿಪಿಪ್ರಜೋಲ್ ಸೇರಿಸಿದರೆ ಬಹಳ ಜನರಲ್ಲಿ ಒಂದೆರಡು ವಾರಕ್ಕೇ ಅಂಕಿ ಇಳಿಯತೊಡಗುತ್ತದೆ, ಹಿಡಿತಕ್ಕೆ ತಂದ ಔಷಧಿಯನ್ನು ಅಲುಗಾಡಿಸಿದಂತೆಯೂ ಆಗುವುದಿಲ್ಲ. ಮುಟ್ಟು ಮರಳಲು ಇನ್ನೂ ಕೆಲವು ತಿಂಗಳು ಬೇಕಾಗಬಹುದು. ಅಮಿಸಲ್‌ಪ್ರೈಡ್ ಜೊತೆ ಈ ಉಪಾಯ ಅಷ್ಟಾಗಿ ಫಲಿಸದು, ಅಲ್ಲಿ ಮಾತ್ರೆ ಬದಲಾಯಿಸುವುದೇ ಮೇಲು. ಕ್ಯಾಬರ್ಗೊಲಿನ್ ವಾರಕ್ಕೆ 0.25 ಮಿ.ಗ್ರಾಂ.ನಲ್ಲೇ ಅಂಕಿಯನ್ನು ಇಳಿಸಬಲ್ಲದು, ಆದರೆ ಅದು ನೇರ ಡೋಪಮಿನ್‌ನ ಕೆಲಸ ಮಾಡುವುದರಿಂದ ಭ್ರಮೆ ಮರುಕಳಿಸುವ ಅಪಾಯವಿದೆ. ಹಾಲು ಬರುತ್ತಿದೆ ಎಂದಷ್ಟೇ ಹೇಳಿ, ಮಾನಸಿಕ ಮಾತ್ರೆಯ ವಿಷಯ ಮುಚ್ಚಿಟ್ಟು ಬೇರೆ ಡಾಕ್ಟರ ಬಳಿ ಹೋದಾಗ ಈ ಮಾತ್ರೆ ಬರೆಸಿಕೊಂಡು ಬರುವ ಸಂಭವ ಜಾಸ್ತಿ. ಚೀಟಿ ಎರಡೂ ಕಡೆ ತೋರಿಸಿ.

ಬದಲಾಯಿಸುವಾಗ ಎಡವುವ ಜಾಗಗಳು ಎರಡು. ರಿಸ್ಪೆರಿಡೋನ್ ಮಾತ್ರೆಯ ಹೆಸರಿನ ಮುಂದೆ "ಪ್ಲಸ್" ಅಂತ ಏನಾದರೂ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಕೈನಡುಕ ತಗ್ಗಿಸುವ ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ. ಕೂಡಿರುತ್ತದೆ. ಆ ಮಾತ್ರೆ ಒಂದೇ ದಿನಕ್ಕೆ ನಿಂತರೆ ಎರಡೂ ಒಟ್ಟಿಗೆ ನಿಲ್ಲುತ್ತವೆ, ಆಗ ವಾಕರಿಕೆ, ಬೆವರು, ನಿದ್ದೆಗೇಡು ಶುರುವಾಗುತ್ತವೆ. ಹೊಸ ಮಾತ್ರೆ ಒಗ್ಗಲಿಲ್ಲ ಎಂದು ಅದನ್ನು ದೂರುತ್ತೇವೆ. ಹಳೆಯದನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ಇಳಿಸಿ, ಟ್ರೈಹೆಕ್ಸಿಫೆನಿಡಿಲ್ ಅನ್ನು ಬೇರೆ ಮಾತ್ರೆಯಾಗಿ ಬರೆಸಿಕೊಂಡು ಕೊನೆಯಲ್ಲಿ ಬಿಡಿಸುವುದು ಸರಿಯಾದ ಕ್ರಮ.

ಎರಡನೆಯದು ಬಸಿರು. ಪ್ರೊಲ್ಯಾಕ್ಟಿನ್ ಇಳಿದರೆ ಅಂಡ ಬಿಡುಗಡೆ ಮೊದಲು, ಮುಟ್ಟು ಆಮೇಲೆ. ವರ್ಷದಿಂದ ಮುಟ್ಟೇ ಇಲ್ಲವೆಂದು ನಿಶ್ಚಿಂತೆಯಿಂದಿದ್ದ ದಂಪತಿಗೆ ಒಂದೂ ಮುಟ್ಟು ಕಾಣದೆಯೇ ಗರ್ಭ ನಿಲ್ಲಬಹುದು. ಮಾತ್ರೆ ಬದಲಾದ ದಿನದಿಂದಲೇ ಕಾಂಡೋಮ್ ಅಥವಾ ಕಾಪರ್ ಟಿ ಬೇಕು. ಮಗು ಬೇಕೆಂದೇ ಬದಲಾಯಿಸುತ್ತಿದ್ದರೂ ಹೊಸ ಮಾತ್ರೆಯಲ್ಲಿ ಕಾಯಿಲೆ ಸ್ಥಿರವಾಗಿ ನಿಲ್ಲುವ ತನಕ ತಡೆಯುವುದು ಒಳ್ಳೆಯದು.

ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಕ್ಲಿನಿಕ್‌ನಲ್ಲಿ ಸಾಲು ಉದ್ದ, ಮಾತಿಗೆ ಸಮಯ ಕಡಿಮೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: "ಕೊನೆಯ ಮುಟ್ಟು ಇಂಥ ತಾರೀಖು. ಹಾಲು ಬರುತ್ತಿದೆ. ತೂಕ ಶುರುವಿನಲ್ಲಿ ಇಷ್ಟು, ಈಗ ಇಷ್ಟು. ಜೊತೆಗೆ ಈ ಗ್ಯಾಸ್ ಮಾತ್ರೆ." ನಾಚಿಕೆಯಾದರೆ ಚೀಟಿಯನ್ನೇ ಕೈಗೆ ಕೊಡಿ. ಮಾತ್ರೆ ಬಿಡಬೇಕೆನಿಸಿದ ರಾತ್ರಿ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಲಿಥಿಯಂ, ವಾಲ್‌ಪ್ರೊಯೇಟ್

ಮೂಡ್ ಏರಿಳಿತದ ಕಾಯಿಲೆಗೆ ಕೊಡುವ ಇವೆರಡರ ಹಾರ್ಮೋನು ಲೆಕ್ಕ ಬೇರೆ. ವಾಲ್‌ಪ್ರೊಯೇಟ್‌ನಿಂದ ಹುಡುಗಿಯರಲ್ಲಿ ಮುಟ್ಟು ಏರುಪೇರು, ಮುಖದಲ್ಲಿ ಕೂದಲು, ಪಿಸಿಒಎಸ್ (ಅಂಡಾಶಯದಲ್ಲಿ ಗುಳ್ಳೆಗಳಾಗುವ ತೊಂದರೆ) ಲಕ್ಷಣ, ತೂಕ. ಬಸಿರಿನಲ್ಲಿ ಮಗುವಿನ ಬೆನ್ನುಹುರಿಗೆ ಹಾನಿ. ಮಕ್ಕಳಾಗುವ ವಯಸ್ಸಿನ ಹೆಂಗಸಿಗೆ ಬೇರೆ ದಾರಿ ಇರುವಾಗ ಇದನ್ನು ಶುರು ಮಾಡಿಸಿಕೊಳ್ಳಬೇಡಿ ಎಂದು ಖಂಡಿತವಾಗಿ ಹೇಳುತ್ತೇವೆ. ಈಗಾಗಲೇ ನುಂಗುತ್ತಿರುವವರು ತಟ್ಟನೆ ಬಿಡಬಾರದು, ಡಾಕ್ಟರ ಮೂಲಕವೇ ಬದಲಾಯಿಸಿಕೊಳ್ಳಬೇಕು.

ಲಿಥಿಯಂ ಥೈರಾಯ್ಡನ್ನು ಕುಗ್ಗಿಸುತ್ತದೆ, ಹೆಂಗಸರಲ್ಲಿ ಹೆಚ್ಚು. ಸುಸ್ತು, ಮಂಕು, ಮಲಬದ್ಧತೆ ಕಂಡರೆ ಖಿನ್ನತೆ ಮರಳಿತೆಂದು ತಿಳಿಯುವ ಮೊದಲು ಟಿಎಸ್‌ಎಚ್ ನೋಡಿ, ಆರು ತಿಂಗಳಿಗೊಮ್ಮೆ ಹೇಗೂ ಬೇಕು. ಥೈರಾಯ್ಡ್ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಿ ಕ್ಯಾಲ್ಸಿಯಂ ಏರಬಹುದಾದ್ದರಿಂದ ಅದನ್ನೂ ವರ್ಷಕ್ಕೊಮ್ಮೆ. ಥೈರಾಯ್ಡ್ ಕುಗ್ಗಿತೆಂದು ಲಿಥಿಯಂ ಬಿಡಬೇಕಿಲ್ಲ, ಥೈರಾಕ್ಸಿನ್ ಮಾತ್ರೆ ಸೇರಿಸಿದರೆ ಸಾಕು. ಅದನ್ನು ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಿ, ಕಾಫಿಗಾಗಲಿ ರಾಗಿ ಗಂಜಿಗಾಗಲಿ ಒಂದು ಗಂಟೆ ತಡೆಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆಯ ಅಂತರ ಬೇಕು. ಲಿಥಿಯಂ ಮಟ್ಟದ ರಕ್ತವನ್ನು ರಾತ್ರಿಯ ಮಾತ್ರೆ ನುಂಗಿ ಸರಿಯಾಗಿ 12 ಗಂಟೆ ಕಳೆದ ಮೇಲೆ ಕೊಡಬೇಕು, ಬಹುಪಾಲು ಜನರಿಗೆ 0.6ರಿಂದ 0.8 ಸಾಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಹೊಲದ ಕೆಲಸ, ವಾಂತಿಭೇದಿ, ಮಂಡಿನೋವಿಗೆ ಡೈಕ್ಲೋಫೆನಾಕ್, ಬಿಪಿಗೆ ಟೆಲ್ಮಿಸಾರ್ಟನ್, ಇವು ಒಂದೊಂದೂ ಆ ಮಟ್ಟವನ್ನು ವಿಷದ ಹಂತಕ್ಕೆ ಏರಿಸಬಲ್ಲವು. ಕೈ ಒರಟಾಗಿ ನಡುಗತೊಡಗಿದರೆ, ಮಾತು ತೊದಲಿದರೆ, ನಡಿಗೆ ತೂರಾಡಿದರೆ ಮುಂದಿನ ಮಾತ್ರೆ ನುಂಗದೆ ಅದೇ ದಿನ ಜಿಲ್ಲಾಸ್ಪತ್ರೆಗೆ ಕರೆದೊಯ್ದು, ಲಿಥಿಯಂ ನುಂಗುವವರು ಎಂದು ಬಾಗಿಲಲ್ಲೇ ಹೇಳಿ.