ಆರ್‌ಟಿಐ ಉತ್ತರ ಬಂದಿಲ್ಲ: ಮೇಲ್ಮನವಿ ಹಾಕೋದಾ, ದೂರು ಕೊಡೋದಾ?

ಅರ್ಜಿ ತಲುಪಿ 30 ದಿನ ಕಳೆದರೂ ಕಚೇರಿ ತುಟಿ ಬಿಚ್ಚದಿದ್ದರೆ, 2005ರ ಮಾಹಿತಿ ಹಕ್ಕು ಕಾಯ್ದೆ ಅದನ್ನು ನಿರಾಕರಣೆ ಎಂದೇ ಲೆಕ್ಕ ಹಾಕುತ್ತದೆ. ಸುಮ್ನೆ ಜ್ಞಾಪನ ಪತ್ರ ಬರೆಯುತ್ತಾ ಕೂರಬೇಡಿ, ಅದರಿಂದ ನಿಮ್ಮ ಮೇಲ್ಮನವಿಯ ಗಡುವೇನೂ ನಿಲ್ಲುವುದಿಲ್ಲ.

ಮೊದಲ ಮೇಲ್ಮನವಿ, ಕಲಂ 19(1): ಅದೇ ಇಲಾಖೆಯ ಮೇಲಧಿಕಾರಿಗೆ, ಗಡುವು ಮುಗಿದ 30 ದಿನದೊಳಗೆ. ಅವರು 30 ದಿನದಲ್ಲಿ ತೀರ್ಮಾನಿಸಬೇಕು. ಕಾರಣ ಬರೆದಿಟ್ಟರೆ 45 ದಿನ. ಒಂದು ಪುಟ ಸಾಕು. ನಿಮ್ಮ ಬೀದಿಯ ರಸ್ತೆ ಕಾಮಗಾರಿಯ ಅಳತೆ ಪುಸ್ತಕದ (ಎಷ್ಟು ಕೆಲಸ ಆಗಿದೆ ಎಂದು ಬರೆದಿಡುವ ದಾಖಲೆ) ಪ್ರತಿ ಕೇಳಿದ್ದೀರಿ ಅನ್ನಿ. ‘ಇಂಥ ದಿನ ಅರ್ಜಿ ತಲುಪಿದೆ, ಸ್ವೀಕೃತಿ ಲಗತ್ತಿಸಿದೆ, ಉತ್ತರ ಬಂದಿಲ್ಲ, ಕಲಂ 7(6)ರಂತೆ ಪ್ರತಿಯನ್ನು ಉಚಿತವಾಗಿ ಕೊಡಿಸಿ’ ಎಂದು ಬರೆಯಿರಿ. ಹೌದು, ಗಡುವು ಮೀರಿದರೆ ಪ್ರತಿಗೆ ದುಡ್ಡಿಲ್ಲ. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ. ಇಲ್ಲೂ ಕೆಲಸ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ದೂರು, ಕಲಂ 18: ನೇರ ಆಯೋಗಕ್ಕೆ. ಉತ್ತರ ಕೊಡದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. ಆದರೆ ಆ ದುಡ್ಡು ನಿಮಗೆ ಬರಲ್ಲ. ನೀವು ಕೇಳಿದ ಕಾಗದವೂ ಬರಲ್ಲ: ಕಲಂ 18ರಡಿ ಮಾಹಿತಿ ಕೊಡಿಸಲು ಆಯೋಗಕ್ಕೆ ಅಧಿಕಾರವಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಮಣಿಪುರದ ಪ್ರಕರಣದಲ್ಲಿ ಹೇಳಿದೆ.

ಕಾಗದ ಬೇಕಾದವರಿಗೆ ಮೇಲ್ಮನವಿಯೇ ಸರಿ. ಅರ್ಜಿಯನ್ನೇ ತೆಗೆದುಕೊಳ್ಳದೆ ವಾಪಸ್ ಕಳಿಸಿದ್ದರೆ ಮಾತ್ರ ನಾನು ದೂರಿನ ದಾರಿ ಹಿಡಿಯುತ್ತೇನೆ.